ಡಿಕ್ಕಿಯ ಎಂಬ್ಲೆಮ್ ಬದಲಾವಣೆ: ಕೆಂಪು ಸ್ವಿಫ್ಟ್, ಕೆಲಸದ ದಾಖಲೆ

ಗಾಡಿ 2012ರ ಸ್ವಿಫ್ಟ್, ಬಣ್ಣ ಕೆಂಪು. ಡಿಕ್ಕಿ ಬಾಗಿಲ ಮೇಲಿನ ಸುಜುಕಿ ‘ಎಸ್’ ಎಂಬ್ಲೆಮ್‌ಗೆ ವಯಸ್ಸಾಗಿದೆ. ಅಂಚಿನಲ್ಲಿ ಕ್ರೋಮ್ ಸಿಪ್ಪೆ ಎದ್ದಿದೆ, ಕೆಳತುದಿ ಪೇಂಟ್ ಬಿಟ್ಟು ಮೇಲೆದ್ದು ಒಳಗೆ ಮಣ್ಣು ಕೂತಿದೆ. ಹಿಂದೆ ಯಾವುದೋ ಗ್ಯಾರೇಜಿನಲ್ಲಿ ಆ ತುದಿಗೆ ಫೆವಿಕ್ವಿಕ್ ತರಹದ ಅಂಟು ಬಿಟ್ಟು ಒತ್ತಿದ್ದಾರೆ. ಈ ಕೆಲಸದ ಅಸಲಿ ತಲೆನೋವು ಅದೇ. ‘ಸ್ವಿಫ್ಟ್’ ಎಂಬ ಅಕ್ಷರಗಳು ಗಟ್ಟಿಯಾಗಿ ಕೂತಿವೆ, ಅವುಗಳ ಗೊಡವೆಗೆ ಹೋಗಿಲ್ಲ.

ಸದ್ಯದ ಸ್ಥಿತಿ: ಹಳೆಯದು ಬಂದಿದೆ, ಪೇಂಟ್ ಸಾಫಾಗಿದೆ, ಹೊಸದು ಕೂತು 72 ಗಂಟೆ ದಾಟಿದೆ. ಮುಂದಿನ ಗ್ರಿಲ್ ಬಾಕಿ.

ಬಿಚ್ಚುವ ಮೊದಲು

ಹಿಂದೆ ಬರೀ ಟೇಪ್ ಇರುವ ಎಂಬ್ಲೆಮ್ ಒಂದು ಬಗೆ. ಟೇಪಿನ ಜೊತೆಗೆ ಜಾಗ ಹಿಡಿಯಲು ಪ್ಲಾಸ್ಟಿಕ್ ಪಿನ್ ಇರುವುದು ಇನ್ನೊಂದು ಬಗೆ. ಅದರ ಪಿನ್ ತಗಡಿನ ತೂತಿನೊಳಗೆ ಕೂತಿರುತ್ತದೆ. ಹೊರಗಿನಿಂದ ಎರಡೂ ಒಂದೇ ತರ ಕಾಣುತ್ತವೆ. ಹೊಸ ಎಂಬ್ಲೆಮ್ ಮೊದಲೇ ತಂದು ಹಿಂಬದಿ ನೋಡಿದರೆ ಗೊತ್ತಾಗುತ್ತದೆ. ಅನುಮಾನ ಉಳಿದರೆ ಡಿಕ್ಕಿಯ ಒಳ ಟ್ರಿಮ್ ತೆಗೆದು ನೋಡಬೇಕು. ಎಂಬ್ಲೆಮ್ ಹಿಂದಿನ ಟೇಪನ್ನು ನೈಲಾನ್ ದಾರದಿಂದ ಕತ್ತರಿಸುವಾಗ ದಾರ ಮೇಲಿಂದಲೂ ಕೆಳಗಿನಿಂದಲೂ ಒಂದೇ ಜಾಗಕ್ಕೆ ಬಂದು ನಿಂತರೆ ಅಲ್ಲಿ ಪಿನ್ ಇದೆ ಎಂದು ತಿಳಿಯಿರಿ. ಅದರ ಸುತ್ತ ಟೇಪ್ ಬಿಡಿಸಿಕೊಂಡು ಎಂಬ್ಲೆಮ್ಮನ್ನು ನೇರವಾಗಿ ಹೊರಗೆ ಎಳೆಯಬೇಕು. ಓರೆಯಾಗಿ ಮೀಟಿದರೆ ಪಿನ್ ಮುರಿದು ತೂತಿನಲ್ಲೇ ಉಳಿಯುತ್ತದೆ, ತೂತಿನ ಅಂಚಿನ ಪೇಂಟ್ ಚಕ್ಕೆ ಏಳುತ್ತದೆ. ಮಂಗಳೂರು, ಕಾರವಾರದ ಕಡೆಯ ಉಪ್ಪು ಗಾಳಿಗೆ ಅಷ್ಟು ಸಾಕು, ತುಕ್ಕು ಅಲ್ಲಿಂದಲೇ ಶುರು.

ಈ ಗಾಡಿಯಲ್ಲಿ ಪಿನ್ ಇಲ್ಲ. ಹೊಸದಕ್ಕೆ ಪಿನ್ ಇದ್ದು ಬಾಗಿಲಲ್ಲಿ ತೂತಿಲ್ಲದಿದ್ದರೆ ಪಿನ್ನನ್ನು ನಿಪ್ಪರ್‌ನಿಂದ ಕತ್ತರಿಸಿ ಬುಡವನ್ನು ಉಜ್ಜಿ ಸಮ ಮಾಡಬೇಕು. ತೂತು ಕೊರೆಯುವ ಯೋಚನೆ ಬೇಡವೇ ಬೇಡ. ಇದು ಉಲ್ಟಾ ಇದ್ದರೆ, ಅಂದರೆ ಹಳೆಯ ತೂತು ಖಾಲಿ ಉಳಿದರೆ, ರಬ್ಬರ್ ಪ್ಲಗ್ ಅಥವಾ ಬಾಡಿ ಸೀಲೆಂಟ್ ತುಂಬಿಯೇ ಮೇಲೆ ಅಂಟಿಸಬೇಕು. ಇಲ್ಲದಿದ್ದರೆ ಮಳೆನೀರು ಬಾಗಿಲೊಳಗೆ ಇಳಿಯುತ್ತದೆ.

ಎಲ್ಲ ಗಾಡಿಗೂ ಈ ವಿಧಾನ ನಡೆಯುವುದಿಲ್ಲ. ಫೋಕ್ಸ್‌ವ್ಯಾಗನ್ ಪೋಲೊದಲ್ಲಿ ಹಿಂದಿನ ಲೋಗೊವೇ ಡಿಕ್ಕಿ ತೆಗೆಯುವ ಹಿಡಿ. ಹೊಸ ಗಾಡಿಗಳಲ್ಲಿ ಕೆಲವಕ್ಕೆ ಮುಂದಿನ ಎಂಬ್ಲೆಮ್ ಹಿಂದೆ ರಡಾರ್ ಕೂತಿರುತ್ತದೆ. ಅಲ್ಲಿ ಮಾರುಕಟ್ಟೆಯ ಕ್ರೋಮ್ ಎಂಬ್ಲೆಮ್ ಅಂಟಿಸಿದರೆ ಲೋಹದ ಪದರ ರಡಾರ್ ಅಲೆಗಳನ್ನು ತಡೆಯುತ್ತದೆ.

ಜಾಗ ಗುರುತು: ಹಳೆಯ ಎಂಬ್ಲೆಮ್‌ನ ಮೇಲಂಚು ಮತ್ತು ಎಡಬದಿಗೆ ಸರಿಯಾಗಿ ಮಾಸ್ಕಿಂಗ್ ಟೇಪ್ ಎಳೆದಾಗಿದೆ. ಬಾಗಿಲಿನ ಎರಡೂ ಅಂಚಿನಿಂದ ಮತ್ತು ಗಾಜಿನ ಕೆಳಗೆರೆಯಿಂದ ಮಿಲಿಮೀಟರ್ ಲೆಕ್ಕದಲ್ಲಿ ಅಳೆದು ಅದೇ ಟೇಪಿನ ಮೇಲೆ ಬರೆದಿದೆ. ನಂಬರ್ ಪ್ಲೇಟ್‌ನಿಂದ ಮಾತ್ರ ಅಳೆಯಬೇಡಿ, ಅದು ನೆಟ್ಟಗಿರುವ ಗಾಡಿ ಅಪರೂಪ.

ಹಳೆಯದನ್ನು ತೆಗೆದದ್ದು

ಮೊದಲು ಶಾಂಪೂ ಹಾಕಿ ತೊಳೆದು, ಅಂಚಿನ ಸಂದಿಯ ಮಣ್ಣನ್ನು ಹಳೆಯ ಟೂತ್‌ಬ್ರಷ್‌ನಿಂದ ಕಿತ್ತಾಗಿದೆ. ಈ ಹೆಜ್ಜೆ ಬಿಟ್ಟರೆ ದಾರ ಆ ಮರಳನ್ನೇ ಎಳೆದಾಡಿ ಪೇಂಟ್ ಮೇಲೆ ಗೀರು ಹಾಕುತ್ತದೆ.

ಬಿಸಿಗೆ ಹೇರ್ ಡ್ರೈಯರ್ ಸಾಕು. ಒಂದು ಗೇಣು ದೂರದಲ್ಲಿ ಹಿಡಿದು ಆಡಿಸುತ್ತಾ ಎರಡು ಮೂರು ನಿಮಿಷ ಕೊಟ್ಟರೆ ತಗಡು 60ರಿಂದ 70 ಡಿಗ್ರಿಗೆ ಬರುತ್ತದೆ. ಅಂಗೈ ಇಟ್ಟರೆ ತಕ್ಷಣ ಹಿಂದೆ ತೆಗೆಯುವಂತಾಗಬೇಕು. ಆ ಬಿಸಿಗೆ ಎಂಬ್ಲೆಮ್ ಹಿಡಿದಿರುವ ಅಕ್ರಿಲಿಕ್ ಫೋಮ್ ಟೇಪ್ ಮೆತ್ತಗಾಗುತ್ತದೆ. ಹೀಟ್ ಗನ್ ಬಾಯಲ್ಲಿ 500 ಡಿಗ್ರಿ ಗಾಳಿ ಬರುತ್ತದೆ, ಎಂಬ್ಲೆಮ್‌ನ ಎಬಿಎಸ್ ಪ್ಲಾಸ್ಟಿಕ್ 100 ಡಿಗ್ರಿ ಆಸುಪಾಸಿನಲ್ಲೇ ಬಾಗುತ್ತದೆ. ಎಂಬ್ಲೆಮ್ ಎಸೆಯುವುದೇ ಇರಲಿ, ಪಕ್ಕದ ಪೇಂಟ್ ಮತ್ತು ಬಾಗಿಲಿನ ರಬ್ಬರ್ ನಿಮ್ಮದೇ ತಾನೆ?

ಕತ್ತರಿಸಲು ಗಾಳದ ನೈಲಾನ್ ದಾರ, 0.4 ಮಿ.ಮೀ. ದಪ್ಪದ್ದು. ಹಲ್ಲಿನ ಫ್ಲಾಸ್ ಕೂಡ ಆಗುತ್ತದೆ, ಆದರೆ ಮಧ್ಯದಲ್ಲಿ ಎರಡು ಸಲವಾದರೂ ಕಡಿಯುತ್ತದೆ. ದಾರದ ಎರಡು ತುದಿಯನ್ನು ಮರದ ತುಂಡಿಗೆ ಸುತ್ತಿ ಗರಗಸದಂತೆ ಎಳೆಯಬೇಕು. ದಾರ ಎಂಬ್ಲೆಮ್‌ನ ಬೆನ್ನಿಗೆ ಒತ್ತಿಕೊಂಡು ಸಾಗಲಿ, ಪೇಂಟಿಗಲ್ಲ. ಹಾಗಾದರೆ ಫೋಮ್ ನಡುವೆ ಸೀಳಿ ಅರ್ಧ ಪೇಂಟ್ ಮೇಲೆ ಉಳಿಯುತ್ತದೆ. ಉಳಿಯಲಿ, ಅದೇ ಪೇಂಟಿಗೆ ರಕ್ಷಣೆ. ಎಳೆಯುತ್ತಿದ್ದಂತೆ ಬಿಗಿಯಾದರೆ ಬಲ ಹಾಕದೆ ಮತ್ತೊಮ್ಮೆ ಡ್ರೈಯರ್ ಹಿಡಿಯಬೇಕು. ಸ್ಕ್ರೂಡ್ರೈವರ್, ಪುಟ್ಟಿ ಬ್ಲೇಡ್ ಹತ್ತಿರ ತರಬೇಡಿ. ಮೀಟಲೇಬೇಕಾದರೆ ಹಳೆಯ ಎಟಿಎಂ ಕಾರ್ಡ್.

‘ಎಸ್’ನ ಮುಕ್ಕಾಲು ಭಾಗ ಹೀಗೆ ಸಲೀಸಾಗಿ ಬಂತು. ಕೆಳತುದಿ ಬರಲಿಲ್ಲ. ಅಲ್ಲಿದ್ದ ಫೆವಿಕ್ವಿಕ್ ತರಹದ ಸೂಪರ್ ಗ್ಲೂ ಗಾಜಿನ ಹಾಗೆ ಗಡುಸಾಗುವ ಅಂಟು, ದಾರಕ್ಕೆ ಸೀಳುವುದಿಲ್ಲ. ಅಲ್ಲಿಗೆ ಮಾತ್ರ ಇನ್ನಷ್ಟು ಬಿಸಿ ಕೊಟ್ಟು, ಎಂಬ್ಲೆಮ್ಮನ್ನು ಮೇಲಕ್ಕೆ ಎತ್ತದೆ ಪಕ್ಕಕ್ಕೆ ತಿರುಚಿ ಬಿಡಿಸಿದ್ದು. ಎತ್ತಿದರೆ ಅಂಟಿನ ಜೊತೆ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಕೂಡ ಎದ್ದುಬರುವ ಸಾಧ್ಯತೆ ಜಾಸ್ತಿ. ಆಗ ಪೇಂಟ್ ಮೇಲೆ ಕಡಲೆಕಾಳಿನಷ್ಟು ಅಗಲದ ಬಿಳಿ ಗಟ್ಟಿ ಕಲೆ ಉಳಿದಿತ್ತು.

ಅಂಟು, ಕಲೆ, ನೆರಳು

ಪೇಂಟಿನ ಮೇಲುಳಿದ ಫೋಮ್ ಬಿಸಿಯಿರುವಾಗಲೇ ಹೆಬ್ಬೆರಳಿನಿಂದ ಉರುಳಿಸಿದರೆ ಸುರುಳಿಯಾಗಿ ಬರುತ್ತದೆ. ಡ್ರಿಲ್ಲಿಗೆ ಹಾಕುವ ರಬ್ಬರ್ ಎರೇಸರ್ ವೀಲ್ ಇದ್ದರೆ ಇದು ಐದು ನಿಮಿಷದ ಕೆಲಸ. ಆದರೆ ವೀಲ್ ಒಂದೇ ಕಡೆ ನಿಂತರೆ ಘರ್ಷಣೆಯ ಬಿಸಿಗೆ ಪೇಂಟ್ ಸುಡುತ್ತದೆ, ಮತ್ತೆ ಪೇಂಟ್ ಮಾಡಿಸಿದ ಬಾಗಿಲಿಗೆ ಅದು ಬೇಡ.

ಉಳಿದ ತೆಳು ಜಿಗುಟಿಗೆ ನೀಲಗಿರಿ ಎಣ್ಣೆ. ಬಟ್ಟೆಯ ತುಂಡನ್ನು ಅದರಲ್ಲಿ ನೆನೆಸಿ ಹತ್ತು ನಿಮಿಷ ಹಚ್ಚಿಟ್ಟರೆ ಅಂಟು ಉಬ್ಬಿ ಒರೆಸಿದಾಗ ಬರುತ್ತದೆ. ಟಾರ್ ರಿಮೂವರ್ ಇದ್ದರೆ ಅದೂ ಸರಿ. ಸೀಮೆಎಣ್ಣೆಯೂ ಕೆಲಸ ಮಾಡುತ್ತದೆ, ಜಿಡ್ಡು ತೊಳೆಯುವ ಶ್ರಮ ಹೆಚ್ಚು. ಥಿನ್ನರ್ ಮುಟ್ಟಬೇಡಿ: ಕಂಪನಿಯ ಪೇಂಟ್ ಸ್ವಲ್ಪ ಹೊತ್ತು ತಡೆದೀತು, ಊರಿನ ಪೇಂಟ್ ಬೂತ್‌ನಲ್ಲಿ ಹೊಡೆಸಿದ ಪೇಂಟ್ ಕರಗಿ ಬಟ್ಟೆಗೆ ಬರಬಹುದು.

ಸೂಪರ್ ಗ್ಲೂ ಕಲೆಗೆ ಅಸಿಟೋನ್, ಅಂದರೆ ನೇಲ್ ಪಾಲಿಶ್ ರಿಮೂವರ್ ಹಾಕಿ ಎಂದು ಹೇಳುವವರು ಬಹಳ. ಅಂಟು ಕರಗುವುದು ನಿಜ. ಜೊತೆಗೆ ಕ್ಲಿಯರ್ ಕೋಟ್ ಮಂಕಾಗುವುದೂ ನಿಜ. ಇಲ್ಲಿ ಹಿಡಿದ ದಾರಿ ಬೇರೆ. ಕಲೆಯ ಸುತ್ತ ಮಾಸ್ಕಿಂಗ್ ಟೇಪ್ ಕಟ್ಟಿ, ಪೆನ್ಸಿಲ್ ರಬ್ಬರಿಗೆ 2000 ನಂಬರಿನ ನೀರು ಕಾಗದ (ನೀರು ಹಾಕಿ ಉಜ್ಜುವ ಉಪ್ಪು ಕಾಗದ) ಸುತ್ತಿ, ಸೋಪು ನೀರಿನಲ್ಲಿ ಅಂಟಿನ ದಿಬ್ಬವನ್ನಷ್ಟೇ ಉಜ್ಜಿದ್ದು. ಹತ್ತು ಸಲ ಉಜ್ಜಿ, ಒರೆಸಿ, ಬೆಳಕಿಗೆ ಓರೆಯಾಗಿ ನೋಡುವುದು. ದಿಬ್ಬ ಇಳಿದ ಕೂಡಲೇ 3000ಕ್ಕೆ ಹೋಗುವುದು. ಕ್ಲಿಯರ್ ಕೋಟ್ ಇರುವುದೇ 40ರಿಂದ 50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಉಜ್ಜಿದ ನೀರು ಬಿಳಿಯಾಗಿರುವವರೆಗೆ ಚಿಂತೆಯಿಲ್ಲ. ಕೆಂಪು ಕಂಡರೆ ಕ್ಲಿಯರ್ ಮುಗಿದು ಬಣ್ಣ ತಲುಪಿದೆ ಎಂದು ಅರ್ಥ. ಕೊನೆಗೆ ಕಾಂಪೌಂಡ್ (ಪೇಂಟ್ ಉಜ್ಜುವ ಪೇಸ್ಟ್), ಪಾಲಿಶ್. ಕಲೆಯ ಜಾಗ ಹೊಸ ಎಂಬ್ಲೆಮ್ ಅಡಿಯಲ್ಲೇ ಬರುವುದರಿಂದ ಕನ್ನಡಿಯ ಹೊಳಪು ತರಿಸುವ ಹಟ ಮಾಡಿಲ್ಲ, ಮಟ್ಟಸವಾದರೆ ಸಾಕಿತ್ತು.

ಹಳೆಯದರ ನೆರಳು ಇನ್ನೊಂದು ವಿಷಯ. ಬಿಸಿಲು ಕಂಡ ಕೆಂಪು ಮಾಸಿರುತ್ತದೆ, ಎಂಬ್ಲೆಮ್ ಅಡಿಯ ಕೆಂಪು ಹಾಗೇ ಕಡುವಾಗಿರುತ್ತದೆ. ಹೊಸದು ಅದೇ ಅಳತೆಯದಾದರೆ ನೆರಳು ಮುಚ್ಚಿಹೋಗುತ್ತದೆ. ಚಿಕ್ಕದು ಹಾಕುವವರು, ಅಥವಾ ಎಂಬ್ಲೆಮ್ ತೆಗೆದು ಬೋಳು ಬಿಡುವವರು, ಸುತ್ತಲಿನ ಮಾಸಿದ ಪದರವನ್ನು ಕಾಂಪೌಂಡ್‌ನಿಂದ ತೆಗೆದು ಹೊಂದಿಸಬೇಕು. ಹತ್ತು ವರ್ಷ ದಾಟಿದ ಕೆಂಪಿನಲ್ಲಿ ಪೂರ್ತಿ ಹೊಂದುತ್ತದೆ ಎಂಬ ಭರವಸೆ ಇಟ್ಟುಕೊಳ್ಳಬೇಡಿ.

ಹೊಸ ಎಂಬ್ಲೆಮ್, ಹೊಸ ಟೇಪ್

ಬಿಡಿಭಾಗದ ಅಂಗಡಿಯಲ್ಲಿ ಒಂದೇ ನೋಟದ ಎರಡು ಬಗೆ ಸಿಗುತ್ತದೆ. ಬೆಂಗಳೂರಿನ ಬಿಡಿಭಾಗಗಳ ಬೀದಿ ಜೆ.ಸಿ. ರಸ್ತೆಗೆ ಹೋದರೂ ಇದೇ ಕಥೆ. ಮುಂಭಾಗ ನೋಡಿ ಮೋಸ ಹೋಗಬೇಡಿ, ತಿರುಗಿಸಿ ಬೆನ್ನು ನೋಡಿ. ನಕಲಿನಲ್ಲಿ ಸಾಮಾನ್ಯವಾಗಿ ಬಿಳಿ ಸ್ಪಂಜಿನಂಥ ಟೇಪ್ ಇರುತ್ತದೆ. ಉಗುರಲ್ಲಿ ಕಿತ್ತರೆ ಪುಡಿಪುಡಿ ಆಗುತ್ತದೆ. ನೀರು ಹೀರಿ, ಬಿಸಿಲಿಗೆ ಹಳದಿಯಾಗಿ, ಒಂದೆರಡು ಮಳೆಗಾಲದಲ್ಲಿ ಕೈಕೊಡುತ್ತದೆ. ಅಕ್ರಿಲಿಕ್ ಫೋಮ್ ಬೂದು ಅಥವಾ ಕಪ್ಪು, ಎಳೆದರೆ ಚೂಯಿಂಗ್ ಗಮ್ಮಿನಂತೆ ಉದ್ದವಾಗಿ ನಿಧಾನಕ್ಕೆ ಹಿಂದೆ ಸರಿಯುತ್ತದೆ.

ನಮ್ಮದರ ಬೆನ್ನಿಗೆ ಬಿಳಿ ಸ್ಪಂಜ್ ಬಂದಿತ್ತು, ಕಿತ್ತು ಎಸೆದಾಯಿತು. ಬದಲಿಗೆ 3ಎಂ ವಿಎಚ್‌ಬಿ 5952 ಎಂಬ ಅಕ್ರಿಲಿಕ್ ಫೋಮ್ ಟೇಪ್, ಕಪ್ಪು, 1.1 ಮಿ.ಮೀ. ದಪ್ಪ. ಇದೇ ಜಾತಿಯ 5925 ಕೂಡ ಸಿಗುತ್ತದೆ, ಅದು 0.64 ಮಿ.ಮೀ. ಯಾವುದು ಬೇಕೆಂದು ಎಂಬ್ಲೆಮ್‌ನ ಅಂಚು ಹೇಳುತ್ತದೆ. ಬೆನ್ನಿನ ಗುಳಿಯಲ್ಲಿ ಟೇಪ್ ಕೂರಿಸಿದ ಮೇಲೆ ಅದು ಸುತ್ತಲಿನ ಅಂಚಿಗಿಂತ ಅರ್ಧ ಮಿಲಿಮೀಟರ್ ಆದರೂ ಹೊರಗೆ ಚಾಚಿರಬೇಕು. ಚಾಚದಿದ್ದರೆ ಪ್ಲಾಸ್ಟಿಕ್ ಅಂಚು ಪೇಂಟಿಗೆ ತಾಗಿ ನಿಲ್ಲುತ್ತದೆ, ಟೇಪ್ ಪೇಂಟನ್ನು ಪೂರ್ತಿ ಮುಟ್ಟುವುದೇ ಇಲ್ಲ. ಅಂಟಿಸಿದ ದಿನ ಗಟ್ಟಿ ಅನಿಸಿ ವಾರಕ್ಕೆ ಬೀಳುವ ಎಂಬ್ಲೆಮ್‌ಗಳಲ್ಲಿ ಎಷ್ಟೋ ಈ ಜಾತಿಯವು. ನಮ್ಮದರಲ್ಲಿ ಗುಳಿ 0.5 ಮಿ.ಮೀ. ಆಳ, ಆದ್ದರಿಂದ ದಪ್ಪ ಟೇಪ್.

ಬಾಗಿಲಿನ ಉಬ್ಬು ಕೂಡ ನೋಡಬೇಕು. ಎಂಬ್ಲೆಮ್ಮನ್ನು ಒಣಗೇ ಇಟ್ಟು ತುದಿಯಲ್ಲಿ ಸಂದಿ ಅಳೆಯಿರಿ. ಟೇಪಿನ ದಪ್ಪದ ಅರ್ಧಕ್ಕಿಂತ ಹೆಚ್ಚು ಸಂದಿ ಇದ್ದರೆ ಆ ಎಂಬ್ಲೆಮ್ ಆ ಬಾಗಿಲಿನದಲ್ಲ. ಒತ್ತಿ ಕೂರಿಸಿದರೂ ಪ್ಲಾಸ್ಟಿಕ್ ತನ್ನ ಮೂಲ ಆಕಾರಕ್ಕೆ ಮರಳಲು ಹಗಲು ರಾತ್ರಿ ಎಳೆಯುತ್ತಿರುತ್ತದೆ, ತುದಿಯಿಂದ ಏಳುತ್ತದೆ.

ಟೇಪ್ ಕತ್ತರಿಸಲು ಹೊಸ ಕಟ್ಟರ್ ಬ್ಲೇಡ್. ‘ಎಸ್’ನ ತಿರುವುಗಳಲ್ಲಿ ಒಂದೇ ಉದ್ದ ಪಟ್ಟಿ ಬಗ್ಗಿಸಬೇಡಿ, ಚಿಕ್ಕ ತುಂಡುಗಳನ್ನು ಸಂದಿ ಬಿಡದೆ ಜೋಡಿಸಿ. ಅಂಚಿನಿಂದ 1 ಮಿ.ಮೀ. ಒಳಗೆ ನಿಲ್ಲಿಸಿದರೆ ಹೊರಗೆ ಕಾಣುವುದಿಲ್ಲ.

ಅಂಟಿಸಿದ್ದು

ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಡಿಸ್ಟಿಲ್ಡ್ ವಾಟರ್, ಸಮಪಾಲು. ಬ್ಯಾಟರಿಗೆ ಹಾಕುವ ನೀರೇ ಆಗುತ್ತದೆ. ಬೋರ್‌ವೆಲ್ ನೀರು ಬಿಳಿ ಉಪ್ಪು ಬಿಡುತ್ತದೆ. ಹ್ಯಾಂಡ್ ಸ್ಯಾನಿಟೈಸರ್‌ನಲ್ಲಿ ಆಲ್ಕೋಹಾಲ್ ಇದೆಯಲ್ಲ ಎನ್ನಬೇಡಿ, ಕೈ ಒಣಗದಿರಲೆಂದು ಅದರಲ್ಲಿ ಗ್ಲಿಸರಿನ್ ಸೇರಿಸುತ್ತಾರೆ, ಅದು ಪೇಂಟ್ ಮೇಲೆ ಪದರವಾಗಿ ಉಳಿಯುತ್ತದೆ. ಒದ್ದೆ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿ, ಆರುವ ಮೊದಲೇ ಒಣ ಬಟ್ಟೆಯಿಂದ ಎತ್ತಬೇಕು. ತಾನಾಗಿ ಆರಲು ಬಿಟ್ಟರೆ ಕರಗಿದ ಜಿಡ್ಡು ಅಲ್ಲೇ ಮತ್ತೆ ಕೂರುತ್ತದೆ. ಪಾಲಿಶ್‌ನಲ್ಲಿ ಎಣ್ಣೆ, ಟೈರ್ ಮತ್ತು ಡ್ಯಾಶ್‌ಬೋರ್ಡ್ ಹೊಳಪಿನ ಸ್ಪ್ರೇಗಳಲ್ಲಿ ಸಿಲಿಕೋನ್ ಇರುತ್ತದೆ. ಟೇಪಿನ ಶತ್ರು ಅಂದರೆ ಈ ಸಿಲಿಕೋನ್. ಒಮ್ಮೆ ಒರೆಸಿದರೆ ಹೋಗುವುದಿಲ್ಲ, ಬಟ್ಟೆ ಬದಲಿಸಿ ಮೂರು ಸಲ. ಸೆರಾಮಿಕ್ ಕೋಟಿಂಗ್ ಇದ್ದರೆ ಆಲ್ಕೋಹಾಲ್‌ಗೂ ಬಗ್ಗದು, ಆ ಜಾಗವನ್ನು ಪಾಲಿಶ್ ಮಾಡಿ ಕೋಟಿಂಗ್ ತೆಗೆಯಲೇಬೇಕು.

ತಗಡಿನ ಬಿಸಿ 21ರಿಂದ 38 ಡಿಗ್ರಿ ಒಳಗಿದ್ದರೆ ಒಳ್ಳೆಯದು. ಬೆಂಗಳೂರಿನಲ್ಲಿ ಡಿಸೆಂಬರ್ ಬೆಳಗ್ಗೆ ತಗಡು ತಣ್ಣಗಿರುತ್ತದೆ, ಡ್ರೈಯರ್‌ನಿಂದ ಬೆಚ್ಚಗೆ ಮಾಡಿ. ಕಲಬುರಗಿ, ರಾಯಚೂರಿನ ಏಪ್ರಿಲ್ ಮಧ್ಯಾಹ್ನದಲ್ಲಿ ಇದರ ಉಲ್ಟಾ: ಆಲ್ಕೋಹಾಲ್ ಒರೆಸುವ ಮೊದಲೇ ಹಾರುತ್ತದೆ, ಟೇಪ್ ತಾಗಿದ ಕ್ಷಣವೇ ಹಿಡಿದು ಸರಿಪಡಿಸಲು ಬಿಡುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ತಣ್ಣನೆ ತಗಡಿಗೆ ಕಣ್ಣಿಗೆ ಕಾಣದ ತೇವ ಹಿಡಿಯುತ್ತದೆ, ಒಣಗಿಸಿದ ಮೇಲೆಯೇ ಮುಂದಿನ ಮಾತು.

ಜಾಗಕ್ಕೆ ಕೂರಿಸುವಾಗ ಟೇಪಿನ ಲೈನರ್ (ಅಂಟಿನ ಮೇಲಿನ ಸುಲಿಯುವ ಹಾಳೆ) ಪೂರ್ತಿ ತೆಗೆದಿಲ್ಲ. ತುದಿಗಳಲ್ಲಿ 1 ಸೆಂ.ಮೀ.ನಷ್ಟು ಸುಲಿದು ಬಾಲದಂತೆ ಹೊರಗೆ ಮಡಚಿ, ಎಂಬ್ಲೆಮ್‌ನ ಮೇಲಂಚಿಗೆ ಮಾಸ್ಕಿಂಗ್ ಟೇಪಿನ ಕೀಲು ಹಾಕಿ, ಗುರುತಿಗೆ ಸರಿಹೊಂದಿಸಿದ ಮೇಲೆ ಎರಡು ಹೆಜ್ಜೆ ಹಿಂದೆ ನಿಂತು ನೋಡಿದ್ದು. ನೆಟ್ಟಗಿದೆ ಅನಿಸಿದ ಮೇಲೆ ಬಾಲ ಎಳೆದು ಲೈನರ್ ತೆಗೆದು ಒತ್ತಿದ್ದು. ಒಮ್ಮೆ ಹಿಡಿದ ಟೇಪನ್ನು ಕಿತ್ತು ಮತ್ತೆ ಅಂಟಿಸಿದರೆ ಮೊದಲಿನ ಹಿಡಿತ ಬರದು, ಹೊಸ ಟೇಪೇ ಹಾಕಬೇಕು.

ಒತ್ತಡಕ್ಕೆ ಲೆಕ್ಕವಿದೆ. ಈ ಟೇಪಿಗೆ ಬೇಕಾದದ್ದು ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. ಎಂಬ್ಲೆಮ್ ಹಿಂದೆ 20 ಚದರ ಸೆಂ.ಮೀ. ಟೇಪ್ ಇದ್ದರೆ ಅಂಗೈಯಿಂದ ಒಟ್ಟಿಗೆ ಒತ್ತಲು 20 ಕೆ.ಜಿ. ಬಲ ಬೇಕು, ಅಷ್ಟು ಹಾಕಿದರೆ ಡಿಕ್ಕಿಯ ತಗಡೇ ಒಳಗೆ ಬಾಗುತ್ತದೆ. ಹೆಬ್ಬೆರಳಿನ ತುದಿ 3 ಚದರ ಸೆಂ.ಮೀ., ಅಲ್ಲಿಗೆ 3 ಕೆ.ಜಿ. ಸಾಕು. ಅದಕ್ಕೇ ‘ಎಸ್’ನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೆಬ್ಬೆರಳು ಸರಿಸುತ್ತಾ, ಒಂದೊಂದು ಜಾಗಕ್ಕೆ ಹತ್ತು ಸೆಕೆಂಡ್ ಒತ್ತಿದ್ದು.

ಸಾಮಾನ್ಯ ಕೋಣೆ ಬಿಸಿಯಲ್ಲಿ 20 ನಿಮಿಷಕ್ಕೆ ಅರ್ಧ ಹಿಡಿತ, 24 ಗಂಟೆಗೆ ಶೇ. 90, ಪೂರ್ತಿಗೆ 72 ಗಂಟೆ. ಅಲ್ಲಿಯವರೆಗೆ ಗಾಡಿ ಓಡಿಸಬಹುದು, ತೊಳೆಯುವುದು ಬೇಡ. ಆಮೇಲೂ ವಾಟರ್ ಸರ್ವಿಸ್‌ನಲ್ಲಿ ಪ್ರೆಷರ್ ಗನ್ನನ್ನು ಎಂಬ್ಲೆಮ್‌ನ ಅಂಚಿಗೆ ಹತ್ತಿರದಿಂದ ಓರೆಯಾಗಿ ಹಿಡಿಯಲು ಬಿಡಬೇಡಿ, ಒಂದಡಿ ದೂರ ಇರಲಿ.

72 ಗಂಟೆಯ ನಂತರದ ಪರೀಕ್ಷೆ: ಸುತ್ತಲೂ ಕಾಗದದ ಅಂಚು ತೂರಿಸಿ ನೋಡಿದರೆ ಎಲ್ಲೂ ಟೇಪಿನ ಆಚೆ ಹೋಗುತ್ತಿಲ್ಲ. ಕೆಳತುದಿಯನ್ನು ಉಗುರಿನಿಂದ ಎತ್ತಿದರೆ ಅಲುಗಾಟವಿಲ್ಲ. ಎಡಬದಿ ಅಳತೆ ಹಳೆಯದಕ್ಕೆ ಸರಿ, ಮೇಲಂಚು ಅರ್ಧ ಮಿಲಿಮೀಟರ್ ಕೆಳಗಿದೆ, ಹಾಗೇ ಬಿಟ್ಟಿದೆ.

ಬಾಕಿ ಇರುವುದು ಮುಂದಿನ ಗ್ರಿಲ್‌ನ ಎಂಬ್ಲೆಮ್. ಗ್ರಿಲ್ ಎಂಬ್ಲೆಮ್‌ಗಳು ಹೆಚ್ಚಾಗಿ ಹಿಂದಿನಿಂದ ಲಾಕ್ ಅಥವಾ ಕ್ಲಿಪ್ ಮೇಲೆ ನಿಲ್ಲುವಂಥವು, ಅದಕ್ಕೆ ದಾರ ಹಾಕುವ ಮೊದಲು ಬಾನೆಟ್ ಎತ್ತಿ ಟಾರ್ಚ್ ಹಿಡಿದು ಗ್ರಿಲ್ ಬೆನ್ನು ನೋಡಬೇಕು. ಉಳಿದ 5952 ಟೇಪ್ ಅರ್ಧ ಮೀಟರ್ ಇದೆ, ಬಿಸಿಲು ತಾಗದ ಕಡೆ ಲೈನರ್ ಸಮೇತ ಡಬ್ಬಿಯಲ್ಲಿಟ್ಟಿದೆ.