ಅಲಸಂದೆಯ ಬೇರಿನಲ್ಲಿ ಕಂಡ ಕೆಂಪು

ಹೂ ಬಿಡುವ ಹೊತ್ತಿಗೆ ಅಲಸಂದೆಯ ಗಿಡವೊಂದನ್ನು ಕೀಳದೆ, ಸುತ್ತಲಿನ ಮಣ್ಣಿನ ಸಮೇತ ಅಗೆದು ತೆಗೆದು, ಬೇರನ್ನು ನೀರಿನಲ್ಲಿ ಮೆಲ್ಲಗೆ ತೊಳೆದು ನೋಡುವುದು ನನಗೆ ಅಭ್ಯಾಸವಾಗಿದೆ. ಬೇರಿಗೆ ಅಂಟಿದ ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ಕಂಡರೆ ಅದು ಕೆಲಸದಲ್ಲಿದೆ ಎಂದರ್ಥ. ಬಿಳಿ ಅಥವಾ ಹಸಿರು ಬಣ್ಣವಿದ್ದರೆ ಗಂಟು ಇನ್ನೂ ಎಳೆಯದು, ನಿಷ್ಫಲವಾದದ್ದು, ಇಲ್ಲವೇ ಮುಪ್ಪಾದದ್ದು.

ಆ ಕೆಂಪು ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಹತ್ತಿರದ ಸಂಬಂಧಿಯಾದ ಲೆಗ್‌ಹಿಮೋಗ್ಲೋಬಿನ್‌ನದು. ಗಾಳಿಯಲ್ಲಿ ಶೇ. 78ರಷ್ಟಿರುವ ಸಾರಜನಕವನ್ನು ಗಿಡ ಬಳಸಬಲ್ಲ ಅಮೋನಿಯಾ ಆಗಿಸುವ ನೈಟ್ರೋಜಿನೇಸ್ ಎಂಬ ಕಿಣ್ವವು ಆಮ್ಲಜನಕ ತಾಗಿದರೆ ಕೆಡುತ್ತದೆ, ಆದರೆ ಆ ಕಿಣ್ವವನ್ನು ಹೊತ್ತು ಗಂಟಿನೊಳಗೆ ಬದುಕುವ ಬ್ಯಾಕ್ಟೀರಿಯಾ ಉಸಿರಾಡಲು ಆಮ್ಲಜನಕ ಬೇಕೇ ಬೇಕು. ಈ ಇಕ್ಕಟ್ಟನ್ನು ಬಿಡಿಸಲು ಲೆಗ್‌ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದಿಟ್ಟು, ಅಳೆದು ಕೊಡುತ್ತದೆ. ಈ ಬ್ಯಾಕ್ಟೀರಿಯಾವನ್ನು ಬೇರುಗಂಟಿನಿಂದ ಮೊದಲು ಬೇರ್ಪಡಿಸಿದವರು ನೆದರ್‌ಲ್ಯಾಂಡ್ಸ್‌ನ ವಿಜ್ಞಾನಿ ಬೈಯರಿಂಕ್, 1888ರಲ್ಲಿ.

ಬಿತ್ತನೆಗೆ ಮುನ್ನ ರೈಜೋಬಿಯಂ, ಅಂದರೆ ಇದೇ ಬೇರುಗಂಟಿನ ಬ್ಯಾಕ್ಟೀರಿಯಾ ಇರುವ ಪುಡಿಯನ್ನು ಆರಿದ ಬೆಲ್ಲದ ಅಂಟಿನಲ್ಲಿ ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಒಣಗಿಸಬೇಕು. ಅವಸರದಲ್ಲಿ ಬಿಸಿಲಿಗೆ ಹರಡಿ ಒಂದು ವರ್ಷ ನಾನೇ ಕೆಡಿಸಿಕೊಂಡಿದ್ದೇನೆ. ಪೊಟ್ಟಣದಲ್ಲಿರುವುದು ಜೀವಂತ ವಸ್ತು ಎಂಬುದು ಅಂದು ಮರೆತುಹೋಗಿತ್ತು. ಬೆಳೆಗೆ ಹೊಂದುವ ತಳಿಯ ಬ್ಯಾಕ್ಟೀರಿಯಾವೇ ಬೇಕಾದ್ದರಿಂದ ಸೋಯಾ ಅವರೆಯ ಪೊಟ್ಟಣವನ್ನು ಕಡಲೆಗೆ ಬಳಸಿ ಫಲವಿಲ್ಲ. ಯೂರಿಯಾ ಹೆಚ್ಚು ಸುರಿದರಂತೂ ಸಾರಜನಕ ಸುಲಭವಾಗಿ ಸಿಗುವುದರಿಂದ ಗಿಡವು ಗಂಟು ಕಟ್ಟುವ ಗೋಜಿಗೇ ಹೋಗುವುದಿಲ್ಲ, ಏಕೆಂದರೆ ಬ್ಯಾಕ್ಟೀರಿಯಾವನ್ನು ಸಾಕಲು ಅದು ತನ್ನ ಸಕ್ಕರೆಯನ್ನು ವ್ಯಯಿಸಬೇಕಾಗುತ್ತದೆ.

ಕೊಯ್ಲಿನ ನಂತರ ಬೇರಿನಲ್ಲಿರುವ ಸಾರಜನಕ ಮಣ್ಣಿಗೆ ಸೇರಲೆಂದು ನಾನು ಬೇರನ್ನು ನೆಲದಲ್ಲೇ ಬಿಟ್ಟು, ಮುಂದೆ ರಾಗಿ ಬಿತ್ತುತ್ತೇನೆ.