ಪಾಂಡವರ ಮನೇಲಿ ಮೂಳೆ ಯಾಕಿಲ್ಲ

ಹೋದ ಮಳೆಗಾಲದಲ್ಲಿ ಊರಿಗೆ ಬಂದಾಗ ಹಿತ್ತಲಲ್ಲಿ ಒಂದು ಹಂದಿ ಕಾಲು ಹೂತಿಟ್ಟಿದ್ದೆ. ನಗಬೇಡಿ, ಓದಿಗೇ ಬೇಕಿತ್ತು. ಹಳೇ ಕಾಲದ ಜಾಗಗಳನ್ನ ಅಗೆದಾಗ ಸಿಗೋ ಮೂಳೆ ಚೂರು ನೋಡಿ ಇದು ಯಾವ ಪ್ರಾಣಿ, ಎಷ್ಟು ವಯಸ್ಸಾಗಿತ್ತು, ಮನುಷ್ಯರು ಕೊಯ್ದಿದ್ದಾ ನಾಯಿ ಕಡಿದಿದ್ದಾ ಅಂತ ಹೇಳೋದು ನಾನು ಕಲೀತಿರೋ ಕೆಲಸ, ಅದಕ್ಕೆ ಪಕ್ಕದಲ್ಲಿಟ್ಟು ಹೋಲಿಸಕ್ಕೆ ಗೊತ್ತಿರೋ ಪ್ರಾಣಿಗಳ ಮೂಳೆ ಒಂದು ಸೆಟ್ ಕೈಲಿರಬೇಕು. ಮಣ್ಣಲ್ಲಿ ಹೂತರೆ ಮಾಂಸ ಕೊಳೆತು ಮೂಳೆ ಕ್ಲೀನ್ ಆಗುತ್ತೆ ಅನ್ನೋದು ಪ್ಲಾನ್. ನಾಲ್ಕನೇ ದಿನ ನಮ್ಮ ನಾಯಿ ಅದನ್ನ ಕೆದಕಿ ತೆಗೆದು ವರಾಂಡದಲ್ಲಿ ಮಲಗಿಕೊಂಡು ಕಡೀತಿತ್ತು. ಆಮೇಲೆ ಹಳೇ ಅಲ್ಯೂಮಿನಿಯಂ ಪಾತ್ರೆಲಿ ಸೋಪಿನ ಪುಡಿ ಹಾಕಿ ಸಣ್ಣ ಉರೀಲಿ ಬೇಯಿಸಿದೆ, ಮೂಳೆ ಚೆನ್ನಾಗೇ ಬಂತು, ಆದ್ರೆ ಅಮ್ಮ ಆ ಪಾತ್ರೆನ ಮತ್ತೆ ಮನೆ ಒಳಗೆ ಬಿಟ್ಟಿಲ್ಲ.

ಇದನ್ನೆಲ್ಲ ನೋಡ್ತಿದ್ದ ಮಾವ ಕೇಳಿದ್ರು, ‘ಏನೇ ಇದು, ದೊಡ್ಡಮಳ್ತೇಲಿ ಪಾಂಡವರ ಮನೆ ಇದೆಯಲ್ಲ, ಅಲ್ಲಿ ಅಗೆದ್ರೆ ನಿಂಗೆ ಬೇಕಾದಷ್ಟು ಮೂಳೆ ಸಿಗಲ್ವಾ?’

ಸೋಮವಾರಪೇಟೆ ಕಡೆಯವರಿಗೆ ಗೊತ್ತಿರುತ್ತೆ, ಹೊನ್ನಮ್ಮನ ಕೆರೆ ಇರೋ ಅದೇ ದೊಡ್ಡಮಳ್ತೆ. ದೊಡ್ಡ ದೊಡ್ಡ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿರೋ ಕಲ್ಲುಮನೆಗಳು, ಪಾಂಡವರಿಗೂ ಅದಕ್ಕೂ ಸಂಬಂಧ ಇಲ್ಲ, ಕಬ್ಬಿಣದ ಕಾಲದ ಜನ ಸತ್ತವರಿಗೆ ಅಂತ ಕಟ್ಟಿದ್ದು. ಇಂಥ ಕಲ್ಲುಗಳು ಕೊಡಗಲ್ಲಿ ಬೇಕಾದಷ್ಟಿವೆ, ಆದ್ರೆ ಮೂಳೆ ಉಳಿಯೋದು ಬಹಳ ಕಷ್ಟ. ಕಾರಣ ನಮ್ಮ ತೋಟದವರಿಗೆಲ್ಲ ಗೊತ್ತಿರೋದೇ, ಮಣ್ಣು ಹುಳಿ. ನಮ್ಮ ತೋಟದ ಮಣ್ಣು ಟೆಸ್ಟ್ ಮಾಡಿಸಿದಾಗ ಪಿಎಚ್ 5ರ ಹತ್ರ ಬಂದಿತ್ತು (7ಕ್ಕಿಂತ ಕಮ್ಮಿ ಇದ್ರೆ ಹುಳಿ), ಅದಕ್ಕೇ ಕಾಫಿ ಬುಡಕ್ಕೆ ಸುಣ್ಣ ಹಾಕೋದು. ಮೂಳೆ ಗಟ್ಟಿಯಾಗಿರೋದು ಕ್ಯಾಲ್ಸಿಯಂ ಫಾಸ್ಫೇಟಿಂದ, ಹುಳಿ ನೀರು ತಿಂಗಳುಗಟ್ಟಲೆ ಇಳೀತಾ ಇದ್ರೆ ಅದು ಕರಗಿ ಹೋಗುತ್ತೆ, ಇನ್ನು ಒಳಗಿರೋ ಅಂಟಿನಂಥ ಕೊಲಾಜನ್ನನ್ನ ಈ ಥಂಡಿ ಮಣ್ಣಿನ ಸೂಕ್ಷ್ಮಜೀವಿಗಳು ತಿಂದು ಮುಗಿಸ್ತವೆ. ಮಾವ ನಂಬಲಿಲ್ಲ. ಕೋಳಿ ಮೂಳೆ ಒಂದನ್ನ ಕಾಚಂಪುಳೀಲಿ (ಕೊಡಗಿನ ಕಪ್ಪು ಹುಳಿ, ವಿನೆಗರ್ ತರ) ಹಾಕಿ ತೋರಿಸೋಣ ಅಂದ್ರೆ ಅಮ್ಮ ಬಾಟಲಿ ಮುಟ್ಟಕ್ಕೇ ಬಿಡಲಿಲ್ಲ, ಪಂದಿಕರಿಗೆ (ಹಂದಿ ಮಾಂಸದ ಸಾರಿಗೆ) ಇಟ್ಟಿದ್ದು ನಿನ್ನ ಕೋಳಿ ಮೂಳೆಗಲ್ಲ ಅಂದ್ರು. ಅಂಗಡಿ ವಿನೆಗರ್‌ನಲ್ಲಿ ಹಾಕಿದೆ, ಒಂದು ವಾರಕ್ಕೆ ಮೂಳೆ ರಬ್ಬರ್ ತರ ಬಗ್ಗಿತು.

ಬಯಲುಸೀಮೆ ಕಥೆ ಬೇರೆ. ಯಾದಗಿರಿ ಜಿಲ್ಲೆಯ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಅಗೆದ ಬೂದಿದಿಬ್ಬ ಇದೆ. ನೂತನ ಶಿಲಾಯುಗದ ಜನ ದನ ಕಟ್ಟಿ, ಸಗಣಿ ಗುಡ್ಡೆ ಹಾಕಿ, ಸುಟ್ಟೂ ಸುಟ್ಟೂ ಆದ ದಿಬ್ಬ, ಸುಮಾರು 4000 ವರ್ಷ ಹಳೇದು. ಅಲ್ಲಿ ದನ ಕೊಯ್ತಿದ್ದ ಜಾಗವೇ ಸಿಕ್ಕಿದೆ, ನೆಲದ ಮೇಲೆ ದನದ ಮೂಳೆಗಳು, ಜೊತೆಗೇ ಕಲ್ಲಿನ ಉಪಕರಣಗಳು. ಒಣ ನೆಲ, ಸುಣ್ಣದಂಶ ಇರೋ ಮಣ್ಣು, ಆದ್ದರಿಂದ ಉಳಿದಿದೆ. ಹಾವೇರಿ ಕಡೆ ಹಳ್ಳೂರಲ್ಲೂ ಹಾಗೇ, 1965ರಲ್ಲಿ ಎಂ. ಎಸ್. ನಾಗರಾಜ ರಾವ್ ಅಗೆದರು, ಮೂಳೆಗಳನ್ನ ನೋಡಿದ್ದು ಕೆ. ಆರ್. ಆಲೂರು ಅನ್ನೋ ಪಶುವೈದ್ಯರು. ಅವರು ಅದರಲ್ಲಿ ಕುದುರೆ ಮೂಳೆ ಇದೆ ಅಂದ್ರು, ಶುರುವಾಯ್ತು ನೋಡಿ ಜಗಳ, ಕುದುರೆ ತಂದೋರು ಆರ್ಯರು ಅನ್ನೋ ವಾದ ಇದೆ, ಹಾಗಾಗಿ ಕುದುರೆ ಅಂದ್ರೆ ಆರ್ಯರು ಯಾವಾಗ ಬಂದ್ರು ಅನ್ನೋ ಪ್ರಶ್ನೆ ಹಿಂದೇನೇ ಬರುತ್ತಲ್ಲ. ಕುದುರೆ, ಕತ್ತೆ, ಕಾಡುಕತ್ತೆ ಮೂಳೆಗಳು ಒಂದಕ್ಕೊಂದು ಅಷ್ಟು ಹೋಲ್ತವೆ, ನಾಲ್ಕು ಚೂರು ಇಟ್ಕೊಂಡು ಚರಿತ್ರೆ ಬರೆಯೋರನ್ನ ಕಂಡ್ರೆ ನಂಗಂತೂ ಭಯ ಆಗುತ್ತೆ. ಕುರಿ ಮೇಕೆ ಬೇರೆ ಮಾಡೋದೇ ಎಷ್ಟೋ ಸಲ ಆಗಲ್ಲ, ರಿಪೋರ್ಟಲ್ಲಿ ‘ಕುರಿ ಅಥವಾ ಮೇಕೆ’ ಅಂತ ಒಟ್ಟಿಗೇ ಬರೆದು ಮುಂದೆ ಹೋಗ್ತೀವಿ.

ವಯಸ್ಸು ಹೇಳೋದನ್ನ ನಂಗೆ ಕಲಿಸಿದ್ದು ಕ್ಲಾಸ್ ಅಲ್ಲ, ಅಜ್ಜಿ. ಮಟನ್ ಸಾರು ಬಡಿಸುವಾಗ ಕಾಲು ಮೂಳೆಯ ತುದಿ ಟೋಪಿ ತರ ಕಳಚಿ ಬಂದ್ರೆ ‘ಎಳೇದು, ಒಳ್ಳೇದೇ ಕೊಟ್ಟಿದ್ದಾನೆ’ ಅನ್ನೋರು. ಅದೇ ವಿಷಯ! ಎಳೇ ಪ್ರಾಣಿಲಿ ಮೂಳೆ ತುದಿ ಇನ್ನೂ ಕೂಡಿಕೊಂಡಿರಲ್ಲ, ಒಂದೊಂದು ಮೂಳೆ ಒಂದೊಂದು ವಯಸ್ಸಿಗೆ ಕೂಡುತ್ತೆ, ಅದನ್ನ ನೋಡಿ ಲೆಕ್ಕ ಹಾಕ್ತೀವಿ, ಜೊತೆಗೆ ಹಲ್ಲು ಎಷ್ಟು ಸವೆದಿದೆ ಅಂತ. ಒಂದು ಜಾಗದಲ್ಲಿ ಸಿಕ್ಕಿದ ದನದಲ್ಲಿ ಜಾಸ್ತಿ ಪಾಲು ಮುದಿಯಾದ್ರೆ ಹಾಲಿಗೋ ಉಳೋಕೋ ಇಟ್ಕೊಂಡಿದ್ರು ಅಂತ, ಪ್ರಾಯಕ್ಕೆ ಬರೋ ಹೊತ್ತಿಗೇ ಕೊಯ್ದಿದ್ರೆ ಮಾಂಸಕ್ಕೆ ಅಂತ ಅಂದಾಜು.

ಕಡವೆ ಕೊಂಬಿನ ವಿಷಯನೂ ಮಾವನಿಗೆ ಹೇಳಿದೆ. ಹಳೇ ಮನೆಗಳ ಕಂಬದಲ್ಲಿ ನೇತಾಡೋ ಕೊಂಬು ನೋಡಿದ ತಕ್ಷಣ ಬೇಟೆ ಅಂದ್ಕೊಳ್ತೀವಿ, ಆದ್ರೆ ಕಡವೆ ಕೊಂಬು ಉದುರಿ ಮತ್ತೆ ಹುಟ್ಟುತ್ತೆ, ಕಾಡಲ್ಲಿ ಬಿದ್ದಿದ್ದನ್ನ ಎತ್ಕೊಂಡು ಬಂದಿರಲೂಬಹುದು. ಬುಡದಲ್ಲಿ ತಲೆಬುರುಡೆ ಚೂರು ಅಂಟಿದ್ರೆ ಪ್ರಾಣಿ ಸತ್ತಿದೆ, ಬುಡ ದುಂಡಗೆ ತಾನಾಗೇ ಬಿಟ್ಟಿದ್ರೆ ಉದುರಿದ್ದು. (ಈಗ ಬಿದ್ದಿದ್ದನ್ನ ಎತ್ತಿದ್ರೂ ಕೇಸ್ ಆಗುತ್ತೆ, 1972ರ ವನ್ಯಜೀವಿ ಕಾಯ್ದೆ, ಹುಷಾರು.) ಮುಳ್ಳುಹಂದಿನೂ ಮೂಳೆ ಕದ್ದು ಬಿಲಕ್ಕೆ ಎಳ್ಕೊಂಡು ಹೋಗಿ ಕೆರೆಯುತ್ತೆ, ಸಾಲು ಸಾಲು ಚಪ್ಪಟೆ ಗೀರು. ಕಲ್ಲಿನ ಚೂರಿಂದ ಕೊಯ್ದ ಗೀರು ಸಣ್ಣಗೆ, ಆಳಕ್ಕೆ ಚೂಪಾಗಿ ಇಳಿದಿರುತ್ತೆ. ಲೆನ್ಸ್ ಇಲ್ದೆ ಈ ವ್ಯತ್ಯಾಸ ಗೊತ್ತಾಗಲ್ಲ.

‘ಹಾಗಾದ್ರೆ ನಮ್ಮೋರು ಏನು ತಿಂತಿದ್ರು ಅಂತ ಗೊತ್ತೇ ಆಗಲ್ವಾ’ ಅಂದ್ರು ಮಾವ. ಇದೇ ನಂಗೆ ಕೋಪ ಬರಿಸೋ ಜಾಗ. ಮೂಳೆ ಸಿಕ್ಕಿಲ್ಲ ಅಂತ ಬರೆದಿದ್ದನ್ನ ಜನ ಪ್ರಾಣಿನೇ ಇರಲಿಲ್ಲ ಅಂತ ಓದ್ತಾರೆ. ನಮ್ಮ ಮಣ್ಣಲ್ಲೂ ಏನಾದ್ರೂ ಉಳಿದ್ರೆ ಬಿಳಿಚುವಷ್ಟು ಸುಟ್ಟ ಮೂಳೆ ಚೂರು, ಹಲ್ಲಿನ ಎನಾಮಲ್ (ಮೇಲಿನ ಗಟ್ಟಿ ಪದರ) ಇಂಥದ್ದೇ, ಉಗುರಿನಷ್ಟಗಲದ್ದು. ಮಣ್ಣನ್ನ ಸಣ್ಣ ಜರಡಿಲಿ ಹಿಡಿದು ನೀರಲ್ಲಿ ತೊಳೆದು ಹುಡುಕಬೇಕು, ಹಿಂದಿನವರು ಮಡಕೆ, ಕಬ್ಬಿಣ ಸಿಕ್ಕಿದ್ರೆ ಸಾಕು ಅಂತ ಎಷ್ಟೋ ಕಡೆ ಜರಡಿನೇ ಹಿಡೀತಿರಲಿಲ್ಲ.

ಈ ಸಲ ಎರಡು ಹಂದಿ ಕಾಲು ಹೂತಿದ್ದೀನಿ, ಒಂದರ ಗುಂಡಿಗೆ ಎರಡು ಬೊಗಸೆ ಸುಣ್ಣ, ಇನ್ನೊಂದು ಹಾಗೇ. ನಾಯಿ ಕೆದಕದಂತೆ ಮೇಲೆ ಕಲ್ಲು ಚಪ್ಪಡಿ ಮುಚ್ಚಿದ್ದೀನಿ. ಅದನ್ನ ನೋಡಿ ಮಾವ ಈಗ ನಮ್ಮ ಹಿತ್ತಲಿಗೂ ಪಾಂಡವರ ಮನೆ ಅಂತಾರೆ.