ಎಸ್ಸೆಸ್ಸೆಲ್ಸಿ ಲೆಕ್ಕ, ಪರೀಕ್ಷೆ-2ರ ತಯಾರಿ: ಟ್ಯಾಂಕಿನ ಎತ್ತರ ಕೊನೆಗೂ ಸಿಕ್ಕಿತು

14.9 ಮೀಟರ್. ಚಿತ್ರದುರ್ಗದ ನಮ್ಮ ಬಡಾವಣೆಯ ನೀರಿನ ಟ್ಯಾಂಕಿನ ಎತ್ತರ ಇಷ್ಟು. ಕಾಂಪೌಂಡ್ ಒಳಗೆ ಕಾಲಿಡದೆ, ಟ್ಯಾಂಕ್ ಮುಟ್ಟದೆ ಅಳೆದಿದ್ದೇವೆ. ಖುಷಿ ತಡೆಯೋಕೆ ಆಗುತ್ತಿಲ್ಲ, ಅದಕ್ಕೇ ರಾತ್ರಿಯೇ ಬರೆಯಲು ಕೂತೆ.

ಎಸ್ಸೆಸ್ಸೆಲ್ಸಿ ಲೆಕ್ಕ ಮತ್ತೆ ಬರೆಯುತ್ತಿರುವವರಿಗೆ ಪೀಠಿಕೆ ಬೇಕಿಲ್ಲ ಅಲ್ವಾ. 80 ಅಂಕದ ಪತ್ರಿಕೆ, 20 ಆಂತರಿಕ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬಂದ ಮೇಲೆ ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು, ಯಾವುದರಲ್ಲಿ ಜಾಸ್ತಿ ಬಂತೋ ಅದೇ ಉಳಿಯುತ್ತದೆ. ಸಮಾಂತರ ಶ್ರೇಢಿ, ವರ್ಗ ಸಮೀಕರಣ, ಥೇಲ್ಸ್ ಪ್ರಮೇಯ ಎಲ್ಲ ಮುಗಿದಿವೆ. ಅವುಗಳಲ್ಲಿ ಹೇಳುವಂಥದ್ದು ಏನಿಲ್ಲ, ಕೂತು ಮಾಡಿದರೆ ಆಗುತ್ತವೆ. ಜಗ್ಗದೆ ನಿಂತಿದ್ದು ಒಂದೇ: ತ್ರಿಕೋನಮಿತಿಯ ಎತ್ತರ ಮತ್ತು ದೂರ. ಅದರಲ್ಲೂ ಎರಡು ಕೋನ ಕೊಟ್ಟು, "ಗೋಪುರದ ಕಡೆ 20 ಮೀಟರ್ ನಡೆದಾಗ 30° ಇದ್ದ ಉನ್ನತ ಕೋನ 60° ಆಗುತ್ತದೆ" ಅನ್ನುವ ಲೆಕ್ಕ. ಉನ್ನತ ಕೋನ ಅಂದರೆ ತುದಿ ನೋಡಲು ಕಣ್ಣನ್ನು ಸಮತಲದಿಂದ ಮೇಲೆತ್ತುವ ಕೋನ. ಗೈಡ್ ತೆಗೆದರೆ ಇನ್ನೂ ತಲೆನೋವು. ನಾನು ಕೊಂಡ ಗೈಡಿನಲ್ಲಿ ಇದೇ ಲೆಕ್ಕಕ್ಕೆ ಉತ್ತರ 20√3 ಅಂತ ಅಚ್ಚಾಗಿದೆ. ಸರಿಯಾದ ಉತ್ತರ 10√3. ದುಡ್ಡು ಕೊಟ್ಟು ತಪ್ಪು ಉತ್ತರ ಕೊಳ್ಳುವ ಕರ್ಮ ಯಾರಿಗೂ ಬೇಡ.

ಹಾಗಾಗಿ ನಾನೂ ಗೆಳತಿಯೂ ನಿಜವಾದ ಒಂದು ಎತ್ತರವನ್ನೇ ಅಳೆಯೋಣ ಅಂತ ಹೊರಟೆವು. ಟ್ಯಾಂಕಿನ ಸುತ್ತ ಕಾಂಪೌಂಡ್ ಇದೆ, ಗೇಟಿಗೆ ಬೀಗ. ಬುಡದವರೆಗೆ ಟೇಪ್ ಹಿಡಿಯುವಂತಿಲ್ಲ. ಎರಡು ಕಡೆ ನಿಂತೇ ನೋಡಬೇಕು. ಪುಸ್ತಕದಲ್ಲಿ ಎರಡು ಕೋನ ಯಾಕೆ ಕೊಡುತ್ತಾರೆ ಅನ್ನುವುದು ಆ ಬೀಗ ನೋಡಿದಾಗ ಅರ್ಥವಾಯಿತು!

ಮೊದಲ ಜಗಳ ಕೋನಮಾಪಕದ ಜೊತೆ. ಹೊಸ ಜ್ಯಾಮಿಟ್ರಿ ಬಾಕ್ಸ್ ತಂದರೆ ಅದರ ಕೋನಮಾಪಕದಲ್ಲಿ ನಡುವಿನ ತೂತು ಒಂದು ಮಿಲಿಮೀಟರ್ ಪಕ್ಕಕ್ಕಿತ್ತು. 5 ಸೆಂ.ಮೀ. ತ್ರಿಜ್ಯದ ಕೋನಮಾಪಕದಲ್ಲಿ ಒಂದು ಮಿಲಿಮೀಟರ್ ಅಂದರೆ ಒಂದು ಡಿಗ್ರಿಗಿಂತ ಜಾಸ್ತಿ. ಅಂಗಡಿಯವರು ಬದಲಾಯಿಸಿ ಕೊಟ್ಟಿದ್ದೂ ಹಾಗೇ ಇತ್ತು. ಇಡೀ ಡಬ್ಬವೇ ಹಾಗೆ ಬಂದಿದೆಯಂತೆ. ಮಕ್ಕಳು ಅಳೆಯುವುದು ಅದರಲ್ಲೇ ಅಲ್ವಾ? ಮಾಡುವವರು ಸ್ವಲ್ಪ ನೋಡಬಾರದಾ?

ಒಂದು ಡಿಗ್ರಿ ತಾನೇ ಅಂತ ಬಿಡುವ ಹಾಗಿಲ್ಲ. ಗಲ್ಲಿಯಲ್ಲಿ ಜಾಗ ಕಡಿಮೆ, ಎರಡು ಜಾಗಗಳ ನಡುವೆ 5 ಮೀಟರ್ ಮಾತ್ರ ಸಿಕ್ಕಿತು. ದೂರದಿಂದ 30° ಬಂತು. ಹತ್ತಿರದಿಂದ ಒಮ್ಮೆ 35°, ಒಮ್ಮೆ 36°, ಗಾಳಿ ಬೀಸಿದರೆ 37°. ಕೋನದ ಕಾಟ್ ಅಂದರೆ ಬುಡಕ್ಕಿರುವ ದೂರವನ್ನು ಎತ್ತರದಿಂದ ಭಾಗಿಸಿದ್ದು. ಹಾಗಾಗಿ ಎತ್ತರ ಅಂದರೆ ನಡೆದ ದೂರವನ್ನು ಎರಡು ಕಾಟ್‌ಗಳ ವ್ಯತ್ಯಾಸದಿಂದ ಭಾಗಿಸಿದ್ದು. 35° ಹಾಕಿದರೆ 16.5 ಮೀಟರ್. 36° ಹಾಕಿದರೆ 14.1. 37°ಗೆ 12.3. ಕಾಟ್ 30 ಮತ್ತು ಕಾಟ್ 35ರ ನಡುವೆ ಬರೀ 0.3 ವ್ಯತ್ಯಾಸ. ಅಷ್ಟು ಚಿಕ್ಕ ಸಂಖ್ಯೆಯಿಂದ ಭಾಗಿಸುವಾಗ ಸಣ್ಣ ತಪ್ಪೂ ದೊಡ್ಡದಾಗುತ್ತದೆ.

ಅಲ್ಲಿಗೆ ದಾರಿ ತಿರುಗಿಸಿದೆವು. ಕೋನ ಅಳೆಯುವುದೇ ಬೇಡ, ನಮಗೆ ಬೇಕಾದ ಕೋನ ಬರುವ ಜಾಗ ಹುಡುಕೋಣ ಅಂತ. ಟಿವಿ ಬಂದ ರಟ್ಟಿನ ಡಬ್ಬದಲ್ಲಿ 30 ಸೆಂ.ಮೀ. ತ್ರಿಜ್ಯದ ಕಾಲು ವೃತ್ತ ಕತ್ತರಿಸಿದೆವು. ಇದರಲ್ಲಿ ಒಂದು ಡಿಗ್ರಿಗೆ 5 ಮಿಲಿಮೀಟರ್‌ಗೂ ಮೇಲೆ ಜಾಗ ಸಿಗುತ್ತದೆ. ಕೈವಾರದಲ್ಲಿ 60° ಎಳೆದು, ಅರ್ಧಿಸಿ 30° ಗುರುತು ಮಾಡಿದೆವು. ಬೇರೆ ಯಾವ ಗೆರೆಯೂ ಬೇಡ. ಅದನ್ನು 1.4 ಮೀಟರ್ ಎತ್ತರದಲ್ಲಿ ಬಿದಿರಿನ ಕೋಲಿಗೆ ಮೊಳೆ ಹೊಡೆದು, ಮೊಳೆಗೆ ದಾರ ಕಟ್ಟಿ ಕಲ್ಲು ಇಳಿಬಿಟ್ಟೆವು.

ಗಾಳಿ ಬಿಡಬೇಕಲ್ಲ! ನಮ್ಮೂರ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ದಾರ ಒಂದು ಕ್ಷಣ ನಿಲ್ಲಲಿಲ್ಲ. ಕಲ್ಲು ದೊಡ್ಡದು ಕಟ್ಟಿದರೆ ರಟ್ಟೇ ಬಾಗಿತು. ಬೆಳಗ್ಗೆ ಆರಕ್ಕೆ ಹೋದರೂ ಅದೇ ಕಥೆ. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದ ಗಾರೆ ಕೆಲಸದ ತಾತ ನಮ್ಮನ್ನೇ ನೋಡುತ್ತಿದ್ದರು. ಗೋಡೆ ನೇರ ಇದೆಯಾ ಅಂತ ನೋಡುವ ತಮ್ಮ ಕಬ್ಬಿಣದ ಗುಂಡು ಬಿಚ್ಚಿ ಕೊಟ್ಟು, "ಗುಂಡು ನೀರಾಗೆ ಬಿಡವ್ವ, ಅಳ್ಳಾಡಾದು ನಿಲ್ತದೆ" ಅಂದರು.

ಬಕೆಟ್ ನೀರು ತಂದು ಗುಂಡು ಮುಳುಗಿಸಿದೆವು. ದಾರ ನಿಂತೇಬಿಟ್ಟಿತು! ನೀರು ಗುಂಡಿನ ಓಲಾಟವನ್ನು ತಡೆಯುತ್ತದೆ, ಆದರೆ ದಾರ ನೇರ ಕೆಳಕ್ಕೆ ಎಳೆಯುವುದನ್ನು ತಪ್ಪಿಸುವುದಿಲ್ಲ. ತಾತನಿಗೆ ಟೀ ಕೊಡಿಸಿದ್ದಕ್ಕೆ ಬೈಸಿಕೊಂಡೆವು, ಮಕ್ಕಳ ದುಡ್ಡಲ್ಲಿ ಕುಡಿಯಲ್ಲ ಅಂತ.

ಗಲ್ಲಿ ಬಿಟ್ಟು ಆಚೆ ಬದಿಯ ಶಾಲಾ ಮೈದಾನಕ್ಕೆ ಹೋದೆವು. ಟ್ಯಾಂಕಿನ ಏಣಿಯ ತುದಿ 30° ಗೆರೆಗೆ ಸರಿಯಾಗಿ ಕಾಣುವ ಜಾಗಕ್ಕೆ ಒಂದು ಕಲ್ಲು. ನೇರ ಮುಂದೆ ನಡೆದು 60° ಸಿಕ್ಕಲ್ಲಿ ಇನ್ನೊಂದು. ನಡುವೆ 15.6 ಮೀಟರ್.

ಕಾಟ್ ಸೂತ್ರ ಬರೆಯಲು ಪುಸ್ತಕ ತೆಗೆದೆ. ಮಣ್ಣಿನ ಮೇಲೆ ಚಿತ್ರ ಗೀರುತ್ತಿದ್ದ ಗೆಳತಿ, "ತಡಿಯೇ, ಇದು ಸಮದ್ವಿಬಾಹು ತ್ರಿಭುಜ ಕಣೇ" ಅಂದಳು. ನೋಡಿ: ದೂರದ ಬಿಂದು ಎ, ಹತ್ತಿರದ್ದು ಬಿ, ತುದಿ ಡಿ. ಬಿ ಹತ್ತಿರದ 60° ಅನ್ನುವುದು ಎಬಿಡಿ ತ್ರಿಭುಜಕ್ಕೆ ಹೊರಕೋನ. ಎ ಹತ್ತಿರ 30° ಇದ್ದರೆ, ಡಿ ಹತ್ತಿರವೂ 30° ಆಗಲೇಬೇಕು. ಅಂದರೆ ಬಿಡಿ ಮತ್ತು ಎಬಿ ಸಮ, ಎರಡೂ 15.6. ಇನ್ನು ಎತ್ತರ ಅಂದರೆ 15.6 × ಸೈನ್ 60, ಅಷ್ಟೇ! 13.5 ಬಂತು. ಕೋಲಿನ 1.4 ಸೇರಿಸಿ 14.9.

ಎರಡು ಸಮೀಕರಣ ಇಲ್ಲ, ಛೇದದಲ್ಲಿ √3 ಇಟ್ಟುಕೊಂಡು ಒದ್ದಾಡುವುದೂ ಇಲ್ಲ. ಪರೀಕ್ಷೆಯ 20 ಮೀಟರ್ ಲೆಕ್ಕಕ್ಕೆ ಇದೇ ದಾರಿಯಲ್ಲಿ 10√3 ಒಂದೇ ಸಾಲಿನಲ್ಲಿ ಬರುತ್ತದೆ. ಎರಡನೇ ಕೋನ ಮೊದಲನೆಯದರ ಎರಡರಷ್ಟಿದ್ದರೆ ಯಾವಾಗಲೂ ನಡೆಯುತ್ತದೆ. 30° ಮತ್ತು 45° ಕೊಟ್ಟರೆ ನಡೆಯಲ್ಲ, ಅಲ್ಲಿ ಹಳೆಯ ದಾರಿಯೇ ಗತಿ. ನಮ್ಮ ಲೆಕ್ಕದ ಮೇಷ್ಟ್ರಿಗೆ ತೋರಿಸಿದೆವು. "ಹೊರಕೋನದ ಕಾರಣ ಬರೆದು ಮಾಡಿ, ಅಂಕ ಎಲ್ಲಿಗೂ ಹೋಗಲ್ಲ" ಅಂದರು. ಹಾಗಾಗಿ ಕಾರಣದ ಸಾಲು ಬಿಡಬೇಡಿ. ಇನ್ನೊಂದು ವಿಷಯ. ಈ ಕೋನಗಳಲ್ಲಿ 60°ರ ಬದಲು 61° ಓದಿದರೂ ಎತ್ತರದಲ್ಲಿ ನೂರಕ್ಕೆ ಎರಡರಷ್ಟು ಮಾತ್ರ ವ್ಯತ್ಯಾಸ. ಗಲ್ಲಿಯಲ್ಲಿ ಅದೇ ಒಂದು ಡಿಗ್ರಿ ಎರಡು ಮೀಟರ್ ತಿಂದಿತ್ತು.

ಸಂಜೆ ನೀರಗಂಟಿ ಅಣ್ಣ ಬಂದಾಗ ಕೇಳಿದೆವು. ಏಣಿಗೆ ಅಡಿಗೊಂದು ಮೆಟ್ಟಿಲು, ಒಟ್ಟು 49. ಅಂದರೆ 14.9 ಮೀಟರ್! ಇಬ್ಬರೂ ಕಿರುಚಿದ್ದಕ್ಕೆ ಅಣ್ಣ ಗಾಬರಿಯಾದರು.

1802ರಲ್ಲಿ ಬ್ರಿಟಿಷ್ ಸರ್ವೇಯರ್ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಒಂದು ಆಧಾರ ರೇಖೆ ಅಳೆದು, ಅಲ್ಲಿಂದ ಮುಂದೆ ಕೋನಗಳನ್ನೇ ನಂಬಿ ದೇಶ ಅಳೆಯಲು ಹೊರಟರು ಅಂತ ಓದಿದ್ದೆ. ಇವತ್ತು ಅದು ನಿಜ ಅನ್ನಿಸಿತು.

ಮುಂದಿನದು ಅವನತ ಕೋನ. ಕೋಟೆಯ ಬತೇರಿ ಮೇಲೆ ನಿಂತು ಕೆಳಗಿನ ರಸ್ತೆಗೆ ದೂರ ಎಷ್ಟು ಅಂತ ನೋಡಬೇಕು. ಮೇಲೆ ಉಯ್ಯಾಲೆ ಕಂಬ, ದೀಪಸ್ತಂಭವೂ ಇವೆ, ಬಿಡುವ ಮಾತೇ ಇಲ್ಲ. ಬಂಡೆ ಮೇಲೆ ಬಿದಿರು ಕೋಲು ನಿಲ್ಲಿಸುವುದು ಹೇಗೆ, ಬಕೆಟ್ ನೀರನ್ನು ಕೋತಿಗಳಿಂದ ಕಾಯುವುದು ಹೇಗೆ, ಇವೆರಡೂ ಇನ್ನೂ ಬಗೆಹರಿದಿಲ್ಲ. ಊರಲ್ಲಿ ಯಾರ ಹತ್ತಿರವಾದರೂ 30 ಮೀಟರ್ ಟೇಪ್ ಇದ್ದರೆ ಭಾನುವಾರಕ್ಕೆ ಬೇಕು. ಜೋಪಾನವಾಗಿ ವಾಪಸ್ ಕೊಡುತ್ತೇವೆ.